ಕೊನೆಗೆ ಹೇಳಿದ ಹೆಸರು

ನನ್ನ ತಂಗಿಯ ಮಗಳು ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದು ಒಂದು ರವಿವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ತೀರ್ಮಾನವಾಗುವುದಿತ್ತು. ಅದಕ್ಕೆ ಬೇಕಾಗಿದ್ದದ್ದು ಒಂದೇ ಪ್ರಶ್ನೆ, ಆರು ವರ್ಷದ ಆ ಹುಡುಗಿಯ ಬಾಯಿಂದ ಒಂದೇ ಉತ್ತರ. ಪ್ರಶ್ನೆ ಕೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಾನು ಕುಂದಗೋಳ ತಾಲೂಕಿನಲ್ಲಿ, ಕುಬಿಹಾಳದಿಂದ ಬಹಳ ದೂರವಲ್ಲದ ಒಂದು ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ.

ಮಾಸ್ತರ ಎಂದರೆ ಮನಸ್ಸಿಲ್ಲದ ಮಾಸ್ತರ. ಧಾರವಾಡದಲ್ಲಿ ಗಣಿತ ಓದಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂದು ಹೊರಟವನು, ಅಪ್ಪ ತೀರಿಕೊಂಡ ಮೇಲೆ ಓದನ್ನು ಅರ್ಧಕ್ಕೆ ಬಿಟ್ಟು, ಶಿಕ್ಷಕರ ತರಬೇತಿ ಮುಗಿಸಿ, ಒಂದನೆಯ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತ ಕೂತಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನನ್ನಷ್ಟು ಬುದ್ಧಿವಂತ ಸುತ್ತ ಹತ್ತು ಹಳ್ಳಿಯಲ್ಲಿ ಇಲ್ಲ ಎಂಬ ಭ್ರಮೆಯೂ ಇತ್ತು. ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು.

ಕಾಲೇಜಿನಲ್ಲಿ ನನ್ನ ಬಾಜು ಕೂಡುತ್ತಿದ್ದ ಗೆಳೆಯನೊಬ್ಬ ಓದು ಮುಗಿಸಿ ಪುಣೆಯಲ್ಲಿ ಪ್ರಾಧ್ಯಾಪಕನಾಗಿದ್ದ. ನನ್ನ ಮೇಲಿನ ಕನಿಕರಕ್ಕೋ ಏನೋ, ಆಗಾಗ ಅಂಚೆಯಲ್ಲಿ ಏನಾದರೂ ಓದಲು ಕಳಿಸುತ್ತಿದ್ದ. ಆ ವರ್ಷ ಕಳಿಸಿದ್ದು ಝೆರಾಕ್ಸ್ ಮಾಡಿದ ಒಂದು ಕಟ್ಟು ಹಾಳೆ. ಅಮೆರಿಕದಲ್ಲಿ ಕೆಲವರು ಕೂತು ಹೊಸದಾಗಿ ಕಟ್ಟುತ್ತಿದ್ದ ಲೋಜ್ಬಾನ್ ಎಂಬ ಭಾಷೆಯ ಪಾಠಗಳು. ಯಾರ ತಾಯಿನುಡಿಯೂ ಅಲ್ಲದ ಭಾಷೆ. ಒಂದು ವಾಕ್ಯವನ್ನು ಎರಡು ರೀತಿಯಲ್ಲಿ ಬಿಡಿಸಲು ಬರಲೇಬಾರದು ಎಂಬ ಹಟದಿಂದ, ತರ್ಕದ ಮೇಲೆ ಕಟ್ಟಿದ್ದು. ಮಾತನಾಡಲು ಜೊತೆಗೆ ಒಬ್ಬನೂ ಇಲ್ಲದ ಭಾಷೆಗೆ ನಾನು ಮರುಳಾದೆ. ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಬೇವಿನ ಕಟ್ಟೆಯ ಮೇಲೆ ಕೂತು ಅದನ್ನೇ ಗುನುಗುತ್ತಿದ್ದೆ.

ಅದರಲ್ಲಿ ನನ್ನನ್ನು ಹಿಡಿದು ಕೂಡಿಸಿದ್ದು ಇದೋ ಅದೋ ಎಂದು ಕೇಳುವ ಪ್ರಶ್ನೆಯ ಪಾಠ. ಹೌದೋ ಅಲ್ಲವೋ ಎಂದು ಕೇಳುವುದಕ್ಕೆ ಅವರಲ್ಲಿ 'ಖು' ಎಂಬ ಮಾತು ಬೇರೆ ಇದೆ. ಚಹಾ ಮತ್ತು ಕಾಫಿಯ ನಡುವೆ ಬರೀ 'ಅಥವಾ' ಹಾಕಿ, ಮುಂದೆ 'ಖು' ಸೇರಿಸಿ ಕೇಳಿದರೆ ಎದುರಿನವನು 'ಹೌದು' ಎಂದು ಸುಮ್ಮನಾಗಬಹುದು. ಎರಡರಲ್ಲಿ ಒಂದಾದರೂ ಬೇಕಾಗಿದ್ದರೆ ಆ ಉತ್ತರ ಸರಿಯೇ. ಕೇಳಿದವನು ಕೈಯಲ್ಲಿ ಪಾತ್ರೆ ಹಿಡಿದುಕೊಂಡು ನಿಂತಿರಬೇಕು. ಆದ್ದರಿಂದ ಯಾವುದು ಎಂದು ಕೇಳಲು ಎರಡರ ನಡುವೆ 'ಜಿ' ಎಂಬ ಬೇರೆಯೇ ಮಾತನ್ನು ಇಡುತ್ತಾರೆ. ಆಗ ಉತ್ತರ ಹೇಳುವವನಿಗೆ ಎರಡಲ್ಲ, ನಾಲ್ಕು ದಾರಿ. ಮೊದಲನೆಯದು ಮಾತ್ರ ಎನ್ನಬಹುದು, ಎರಡನೆಯದು ಮಾತ್ರ ಎನ್ನಬಹುದು. 'ಎ' ಎಂದರೆ ಎರಡೂ. 'ನಾ ಎ ನೈ' ಎಂದರೆ ಎರಡೂ ಬೇಡ. ಕೇಳುವವನು ಎರಡು ಬಾಗಿಲು ತೋರಿಸಿದ ಮಾತ್ರಕ್ಕೆ ಎದುರಿನವನು ಅವೆರಡರಲ್ಲೇ ಒಂದನ್ನು ಹೊಗಬೇಕೆಂದಿಲ್ಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿಯಾಗಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ, "ಲೆ ಚಾತಿ ಜಿ ಲೆ ಶ್ಕಾಫಿ" ಎಂದೆ. ಚಹಾನೋ ಕಾಫಿನೋ ಎಂದು ಅದರ ಅರ್ಥ.

"ಮುಂಜಾನೆದ್ದು ಯಾರಿಗ್ರೀ ಲೇ ಅನ್ನಾಕತ್ತೀರಿ?" ಎಂದಳು ಅವಳು. "ಒಂದ ಉಸುರಿನ್ಯಾಗ ಲೇನೂ ಅಂತೀರಿ, ಜೀನೂ ಅಂತೀರಿ. ಮನ್ಯಾಗ ಕಾಫಿಪುಡಿ ಎಲ್ಲೈತಿ? ಸುಮ್ಮ ಚಹಾ ಕುಡದು ಸಾಲಿಗೆ ಹೋಗ್ರಿ."

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಶಾಲೆಗೆ ಹೋಗಿ ನನ್ನ ಒಂದನೆಯ ತರಗತಿಯ ಮೇಲೆ ಪ್ರಯೋಗ ಶುರುಮಾಡಿದೆ. ಮಕ್ಕಳು ಇಂಥ ಪ್ರಶ್ನೆಗೆ ಹೇಗೆ ಉತ್ತರಿಸುತ್ತಾರೆ ನೋಡೋಣ ಎಂದು, "ಹತ್ತಿ ಬೆಳ್ಳಗಿರತೈತೋ, ಕರ್ರಗಿರತೈತೋ?" ಎಂದು ಕೇಳಿದೆ. ಕಿಟಕಿಯ ಆಚೆಯೇ ಹತ್ತಿಯ ಹೊಲ, ಅರ್ಧ ಮಕ್ಕಳು ಅದೇ ಹೊಲ ದಾಟಿ ಬಂದವರು. ಆದರೂ ಇಡೀ ತರಗತಿ ಒಂದೇ ದನಿಯಲ್ಲಿ "ಕರ್ರಗ್ರೀ ಗುರುಗಳ!" ಎಂದು ಕೂಗಿತು. ಮೊದಲು ಸಿಟ್ಟು ಬಂತು, ಆಮೇಲೆ ತಲೆಯಲ್ಲಿ ಏನೋ ಹೊಳೆಯಿತು. ಹದಿನೈದು ದಿನ ಒಬ್ಬೊಬ್ಬರನ್ನೇ ಹತ್ತಿರ ಕರೆದು ಕೇಳಿದೆ, ಹಿಂದುಮುಂದು ಮಾಡಿ ಕೇಳಿದೆ, ಪ್ರತಿ ಉತ್ತರಕ್ಕೂ ಒಂದು ವಹಿಯಲ್ಲಿ ಗೆರೆ ಹಾಕಿದೆ. ಸಣ್ಣ ಮಕ್ಕಳು, ಅದರಲ್ಲೂ ಹೆದರಿದ ಮಕ್ಕಳು, ಕೊನೆಗೆ ಕಿವಿಗೆ ಬಿದ್ದದ್ದನ್ನೇ ಹಿಡಿದು ವಾಪಸು ಕೊಡುತ್ತಿದ್ದರು. ಹತ್ತು ಸಲ ಕೇಳಿದರೆ ಹತ್ತೂ ಸಲ ಕೊನೆಯ ಮಾತನ್ನೇ ಹೇಳಿದ ಮಗು ತರಗತಿಯಲ್ಲಿ ಒಂದೇ ಒಂದಿತ್ತು. ಅದು ನನ್ನ ತಂಗಿಯ ಮಗಳು.

ತಂಗಿ ಅವಳನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು ಆಗಲೇ ಎರಡು ವರ್ಷವಾಗಿತ್ತು. ತಂಗಿಯನ್ನು ಕೊಟ್ಟದ್ದು ನವಲಗುಂದದ ಕಡೆಯ ಒಂದು ಹಳ್ಳಿಗೆ. ಗಂಡ ಒಕ್ಕಲುತನದವನು, ಮಾತು ಕಡಿಮೆ. ರಾಶಿ ಮಾಡುವ ಕಣದಲ್ಲಿ, ನಾಲ್ಕು ಜನ ಆಳುಗಳ ಎದುರಿಗೆ ಒಂದು ದಿನ ತಂಗಿಯ ಕೆನ್ನೆಗೆ ಹೊಡೆದ. ಅವಳು ಅಲ್ಲಿಂದಲೇ, ಕಾಲಿಗೆ ಚಪ್ಪಲಿ ಸಹ ಇಲ್ಲದೆ, ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಆತ ಎರಡು ಸಲ ಕರೆಯಲು ಬಂದ, ಎರಡೂ ಸಲ ನಾನೇ ಅವನನ್ನು ಅಂಗಳದಿಂದ ವಾಪಸು ಕಳಿಸಿದೆ. ಆತ ಕೆಟ್ಟವನಲ್ಲ ಎಂದು ಈಗ ಬರೆಯಬಲ್ಲೆ. ಆಗ ಯಾರಾದರೂ ಹಾಗಂದಿದ್ದರೆ ಅವರ ಮೈಮೇಲೆ ಹೋಗುತ್ತಿದ್ದೆ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಅವನ ಕಡೆಯಿಂದ ಸುದ್ದಿ ಬಂತು. ಅವನಿಗೆ ಬೇರೆ ಹೆಣ್ಣು ನೋಡಿದ್ದಾರೆ, ಸೋಡಚೀಟಿ ಮಾಡಿಕೊಂಡು ಗಂಡ ಹೆಂಡತಿ ಬೇರೆಯಾಗುವುದಾಗಿದೆ, ಆದರೆ ಹುಡುಗಿ ನಮ್ಮ ಮನೆತನದ್ದು, ನಮಗೆ ಬೇಕು ಎಂದು. ತಂಗಿ ಚೀಟಿಗೆ ಹೆಬ್ಬೆಟ್ಟು ಒತ್ತಲು ತಯಾರಿದ್ದಳು, ಮಗಳನ್ನು ಬಿಡಲು ಸತ್ತರೂ ತಯಾರಿರಲಿಲ್ಲ. ಕೋರ್ಟು ಕಚೇರಿ ಯಾರಿಗೂ ಬೇಡವಾಗಿತ್ತು. ಕೊನೆಗೆ ಊರಿಗೆಲ್ಲ ಕಾಕಾ ಆಗಿದ್ದ ನಮ್ಮೂರ ಹಿರಿಯರೊಬ್ಬರು ನಡುವೆ ಬಿದ್ದು, ಹಳೆಯ ರೂಢಿಯಂತೆ ಮಾಡೋಣ ಎಂದರು.

ರೂಢಿ ಏನೆಂದರೆ, ಎರಡೂ ಮನೆಯವರು ಕೂತು ಮಗುವನ್ನೇ ಕೇಳುವುದು. ಮಗುವಿನ ಮುಖ ತೊಳೆಸಿ, ಹಣೆಗೆ ಕುಂಕುಮ ಇಟ್ಟು, ಮಣೆಯ ಮೇಲೆ ನಿಲ್ಲಿಸುತ್ತಾರೆ. ಅದಕ್ಕೂ ಮೊದಲು ಯಾರೂ ಅದಕ್ಕೆ ತಿನ್ನಲು ಕೊಡಬಾರದು, ಮುಟ್ಟಬಾರದು, ಕಣ್ಣುಸನ್ನೆ ಮಾಡಬಾರದು. ಒಬ್ಬರು ಕೇಳುತ್ತಾರೆ. ಮಗು ಯಾರ ಹೆಸರು ಹೇಳುತ್ತದೋ ಮಗು ಅವರದು. ಅಷ್ಟು ಸಣ್ಣ ಬಾಯಿಗೆ ಕಪಟ ತಿಳಿಯುವುದಿಲ್ಲ, ಹಾಗಾಗಿ ಅದರ ಮಾತನ್ನು ಮೀರಬಾರದು ಎಂಬುದು ಹಿರಿಯರ ನಂಬಿಕೆ. ಕೇಳುವವರು ಯಾರು ಎಂಬ ಮಾತು ಬಂದಾಗ ಹುಡುಗಿಯ ಅಪ್ಪನೇ ನನ್ನ ಹೆಸರು ಹೇಳಿದನಂತೆ. ಮಂಗಳವಾರ ಕಾಕಾ ಬಂದು ತಿಳಿಸಿದರು.

"ಮಾಸ್ತರ ಕೇಳಲಿ ಅಂದಾನ. ಸ್ವಾದರಮಾವ ಆದ್ರೂ ಮಾಸ್ತರಲ್ಲೇನ್ರಿ, ಮೋಸ ಮಾಡೂದಿಲ್ಲ ಅಂದ."

ಆ ಮಾತು ಕೇಳಿ ನನ್ನ ಎದೆ ಒಂದು ಗಳಿಗೆ ಉಬ್ಬಿತು. ಮರುಗಳಿಗೆಗೆ ಧಸಕ್ಕೆಂದಿತು. ಏಕೆಂದರೆ ಆ ಹುಡುಗಿಯ ಬಾಯಿಂದ ಯಾವ ಉತ್ತರ ಬೇಕೋ ಅದನ್ನು ಹೊರಡಿಸುವ ದಾರಿ ಇಡೀ ಜಿಲ್ಲೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಮಂಗಳವಾರದಿಂದ ರವಿವಾರದವರೆಗೆ ನಾನು ಪಟ್ಟ ಪಾಡು ನನಗೇ ಗೊತ್ತು. ಪಾಠ ಹೇಳುತ್ತಿದ್ದರೆ ಎದುರಿಗೆ ಎರಡನೆಯ ಸಾಲಿನಲ್ಲಿ ಅವಳು ಪಾಟಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಅಪ್ಪನ ಹೆಸರು ಮೊದಲು, ಅವ್ವನ ಹೆಸರು ಕೊನೆಗೆ. ಅಷ್ಟು ಮಾಡಿದರೆ ಸಾಕು, ತಂಗಿಗೆ ಮಗಳು ಉಳಿಯುತ್ತಾಳೆ. ಯಾವ ನಿಯಮವನ್ನೂ ಮುರಿದಂತಾಗುವುದಿಲ್ಲ, ತಿನ್ನಲು ಕೊಟ್ಟಂತಲ್ಲ, ಸನ್ನೆ ಮಾಡಿದಂತಲ್ಲ. ಯಾವುದಾದರೊಂದು ಹೆಸರು ಕೊನೆಗೆ ಬರಲೇಬೇಕಲ್ಲ, ಎರಡನ್ನೂ ಒಟ್ಟಿಗೆ ಹೇಳಲು ನನಗೇನು ಎರಡು ಬಾಯಿ ಇವೆಯೇ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಆದರೆ ಎದೆಬಡಿತ ಆ ವಾದವನ್ನು ಒಪ್ಪಲಿಲ್ಲ.

ಗುರುವಾರ ತಂಗಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತ ನನ್ನನ್ನು ನಿಲ್ಲಿಸಿದಳು. ಎರಡು ವರ್ಷದಲ್ಲಿ ಅವಳು ನನ್ನ ಹತ್ತಿರ ಏನನ್ನೂ ಬೇಡಿದವಳಲ್ಲ.

"ಅಣ್ಣಾ, ನೀ ಏನ್ ಕೇಳ್ತಿ, ಹ್ಯಾಂಗ್ ಕೇಳ್ತಿ, ನನಗ ಗೊತ್ತಿಲ್ಲ. ನೀ ಓದಿದಾಂವ. ನನ್ನ ಕೂಸು ನನ್ನ ಕಡೆ ಉಳೀಬೇಕು. ಅಷ್ಟ ಹೇಳ್ತೀನಿ."

ನಾನು "ಹೂಂ" ಎಂದೆ. ಅದೇ ದಿನ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಮಕ್ಕಳು ಕೊನೆಯ ಮಾತು ಹಿಡಿಯುವ ಸಂಗತಿ, ನನ್ನ ವಹಿ, ಎಲ್ಲ. ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು.

"ನೀವು ಕೇಳಬ್ಯಾಡ್ರಿ."

"ಮತ್ತ್ಯಾರು ಕೇಳಬೇಕು?"

"ಯಾರೂ ಕೇಳಬ್ಯಾಡ್ರಿ. ಆ ಕೂಸಿಗೇನ್ ಗೊತ್ತಾಕ್ಕೈತಿ ಅಂತ ಕೇಳ್ತೀರಿ? ದೊಡ್ಡವ್ರ ಜಗಳ ದೊಡ್ಡವ್ರ ಹರಕೋಬೇಕು."

"ಕೇಳದಿದ್ರ ಅವ್ರು ಎತಕೊಂಡು ಹೋಗ್ತಾರ, ಗೊತ್ತೈತಿಲ್ಲೋ?" ಎಂದು ಚೀರಿದೆ. ಉತ್ತರ ಹೊಳೆಯದಿದ್ದಾಗ ಚೀರುವುದು ನನ್ನ ಹಳೆಯ ಚಾಳಿ. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು.

ರವಿವಾರ ಹನ್ನೆರಡರ ಬಸ್ಸಿಗೆ ಅವರು ಬಂದರು. ಹುಡುಗಿಯ ಅಪ್ಪ ಮತ್ತು ಅವನ ತಾಯಿ, ಇಬ್ಬರೇ. ನಾನು ದೊಡ್ಡ ದಂಡು ಬರುತ್ತದೆ, ಜೋರುಮಾತು ಆಗುತ್ತದೆ ಎಂದು ಸಜ್ಜಾಗಿದ್ದೆ. ಇಬ್ಬರನ್ನು ನೋಡಿ ಹೇಗೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಆತ ಸೊರಗಿದ್ದ. ಮುದುಕಿ ನವಲಗುಂದದ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು, ಗಟ್ಟಿ ಹೆಂಗಸು. ಬಾಜುವಿಗೆ ಒಂದು ಕೈಚೀಲ ಇಟ್ಟುಕೊಂಡು, ಜಮಖಾನದ ಅಂಚಿಗೆ ಕೂತಳು. ಹೆಂಡತಿ ಕೊಟ್ಟ ಚಹಾವನ್ನು ತಾಯಿ ಮಗ ಇಬ್ಬರೂ ಮುಟ್ಟಲಿಲ್ಲ. ತಂಗಿ ಒಳಬಾಗಿಲಿನ ತೋಳು ಹಿಡಿದು ನಿಂತಿದ್ದಳು. ಕಾಕಾ ನಡುವೆ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ತಡಾ ಬ್ಯಾಡ, ಕೂಸಿನ್ನ ಕರೀರಿ" ಎಂದರು.

ಹೆಂಡತಿ ಹುಡುಗಿಯ ಮುಖ ತೊಳೆಸಿ ತಂದು ಮಣೆಯ ಮೇಲೆ ನಿಲ್ಲಿಸಿದಳು. ಶಾಲೆಯ ನೀಲಿ ಲಂಗವನ್ನೇ ಹಾಕಿದ್ದರು, ಇದ್ದದ್ದರಲ್ಲಿ ಅದೇ ಚೆನ್ನಾಗಿತ್ತು. ಅವಳು ಅಪ್ಪನನ್ನು ನೋಡಿದಳು. ಆತ ಅವಳನ್ನು ನೋಡಿ ನಗಲು ಹೋಗಿ, ನಿಯಮ ನೆನಪಾಗಿ ತಲೆ ತಗ್ಗಿಸಿದ. ಅಜ್ಜಿಯನ್ನು ನೋಡಿದಳು, ಕೈಚೀಲ ನೋಡಿದಳು. ಕೊನೆಗೆ ನನ್ನ ಮುಖಕ್ಕೆ ಕಣ್ಣು ನೆಟ್ಟು ನಿಂತಳು.

"ಕೇಳ್ರಿ ಮಾಸ್ತರ" ಎಂದರು ಕಾಕಾ.

ಆ ಕ್ಷಣದವರೆಗೂ ನಾನು ಇನ್ನೂ ತೀರ್ಮಾನಿಸಿಲ್ಲ ಎಂದುಕೊಂಡಿದ್ದೆ. ಆದರೆ ತಂಗಿಯ ಬೆರಳುಗಳು ಬಾಗಿಲಿನ ಕಟ್ಟಿಗೆಯನ್ನು ಹಿಡಿದಿದ್ದ ರೀತಿ ನೋಡಿದೆ. ನಾಲಿಗೆ ತಾನೇ ಹೊರಳಿತು.

"ಹೇಳವಾ, ಅಪ್ಪನ ಕಡೆ ಹೋಗ್ತೀಯೋ, ಅವ್ವನ ಕಡೆ ಇರ್ತೀಯೋ?"

"ಅವ್ವನ ಕಡೆ" ಎಂದಳು ಹುಡುಗಿ.

ತಡೆದಿಟ್ಟ ಉಸಿರನ್ನು ತಂಗಿ ಬಿಟ್ಟದ್ದು ಪಡಸಾಲೆಗೆಲ್ಲ ಕೇಳಿಸಿತು. ಕಾಕಾ "ಆತಲ್ಲ" ಎಂದು ಮೊಣಕಾಲಿಗೆ ಕೈಕೊಟ್ಟು ಏಳಲು ಹೋದರು. ಹುಡುಗಿಯ ಅಪ್ಪ ಹಾಗೆಯೇ ನೆಲ ನೋಡುತ್ತ ಕೂತಿದ್ದ. ನನ್ನ ಎದೆಯಿಂದ ಒಂದು ಕಲ್ಲು ಇಳಿದು, ಆ ಜಾಗದಲ್ಲಿ ಅದಕ್ಕಿಂತ ದೊಡ್ಡದೊಂದು ಬಂದು ಕೂತಂತಾಯಿತು.

"ಒಂದೀಟು ತಡೀರಿ" ಎಂದಳು ಮುದುಕಿ. ಅಷ್ಟು ಹೊತ್ತಿಗೆ ಅವಳು ಆಡಿದ ಮೊದಲ ಮಾತು ಅದು. "ನಾನೂ ಒಂದ ಸಲ ಕೇಳ್ತೀನ್ರಿ."

"ಕೂಸು ಹೇಳೇ ಬಿಟ್ಟೈತೆಲ್ಲ ಬೇ, ಮತ್ತ್ಯಾಕ?" ಎಂದರು ಕಾಕಾ.

"ಸಿಟ್ಟಾಗಬ್ಯಾಡ್ರಿ. ನಾ ಸಂತ್ಯಾಗ ಕುಂದ್ರಾಕಿ. ಸಣ್ಣ ಹುಡುಗ್ರನ್ನ ಕಾಯಿಪಲ್ಲೆ ತರಾಕ ಕಳಿಸಿರ್ತಾರ, ಅವಕ್ಕೇನು ತರಬೇಕಂತ ಮರತ ಹೋಗಿರತೈತಿ. ನಾ ಹೀರಿಕಾಯಿ ಬೇಕೋ ಬದನಿಕಾಯಿ ಬೇಕೋ ಅಂದ್ರ ಬದನಿಕಾಯಿ ಅಂತಾವು. ಬದನಿಕಾಯಿ ಬೇಕೋ ಹೀರಿಕಾಯಿ ಬೇಕೋ ಅಂದ್ರ ಹೀರಿಕಾಯಿ ಅಂತಾವು. ಯಾವುದು ಬಾಡೇತಿ ಅದನ್ನ ಕಡೀಕ ಹೇಳಿ ಬುಟ್ಟಿ ಖಾಲಿ ಮಾಡೀನಿ ನಾ, ಸುಳ್ಯಾಕ ಹೇಳ್ಲಿ." ಆಮೇಲೆ ನನ್ನ ಕಡೆ ತಿರುಗಿದಳು. "ಮಾಸ್ತರಿಗೆ ಇದು ಗೊತ್ತಿರಾಕಿಲ್ಲ. ಅವ್ರು ಸಾಲ್ಯಾಗಿದ್ದವ್ರು. ತಿಳೀಲಾರದ ಹಂಗ ಕೇಳ್ಯಾರ."

ಅವಳು ವ್ಯಂಗ್ಯ ಮಾಡಿದ್ದರೆ ಸುಲಭವಿತ್ತು, ಜಗಳಕ್ಕೆ ಎದ್ದೇಬಿಡುತ್ತಿದ್ದೆ. ಅವಳು ನಿಜವಾಗಿಯೂ ನನಗೆ ಗೊತ್ತಿಲ್ಲವೆಂದೇ ನಂಬಿದ್ದಳು. ಹದಿನೈದು ದಿನ ವಹಿಯಲ್ಲಿ ಗೆರೆ ಹಾಕಿ ನಾನೇ ಕಂಡುಹಿಡಿದೆ ಎಂದು ಪುಣೆಗೆ ಪತ್ರ ಬರೆದ ಸಂಗತಿ ಅವಳ ಬದನೆಕಾಯಿ ಬುಟ್ಟಿಯಲ್ಲಿ ಎಷ್ಟೋ ವರ್ಷದಿಂದ ಬಿದ್ದಿತ್ತು. ನನ್ನ ಕಿವಿ ಬಿಸಿಯಾದವು. ಒಳಬಾಗಿಲಲ್ಲಿ ಹೆಂಡತಿ ನನ್ನನ್ನೇ ನೋಡುತ್ತಿದ್ದಾಳೆಂದು ಗೊತ್ತಿತ್ತು. ಆ ಕಡೆ ತಿರುಗುವ ಧೈರ್ಯ ಆಗಲಿಲ್ಲ.

ಕಾಕಾ ನನ್ನನ್ನು ನೋಡಿದರು. "ಏನಂತೀರಿ ಮಾಸ್ತರ? ಆಕಿ ಕೇಳ್ಲೇನು?"

ಬೇಡ ಎನ್ನಲು ನನಗೆ ಮುಖ ಎಲ್ಲಿತ್ತು? "ಕೇಳ್ಲಿ" ಎಂದೆ.

ಮುದುಕಿ ಕೂತಲ್ಲಿಂದಲೇ ಮೆಲ್ಲಗೆ, ಸಂತೆಯ ದನಿ ಬಿಟ್ಟು, ಮನೆಯ ದನಿಯಲ್ಲಿ ಕೇಳಿದಳು. "ನನ್ನವ್ವಾ, ಅವ್ವನ ಕಡೆ ಇರ್ತೀಯೋ, ಅಪ್ಪನ ಕಡೆ ಬರ್ತೀಯೋ?"

ಹುಡುಗಿ ಅಜ್ಜಿಯನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡಿ, "ಅಪ್ಪನ ಕಡೆ" ಎಂದಳು.

ತಂಗಿ "ಅಯ್ಯಯ್ಯ" ಎಂದು ಬಾಗಿಲಲ್ಲೇ ಕುಸಿದು ಕೂತಳು. ಹೆಂಡತಿ ಅವಳನ್ನು ಹಿಡಿದುಕೊಂಡಳು. ಕಾಕಾ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ಬಿಟ್ಟರು. ಅವರ ಇಷ್ಟು ವರ್ಷದ ಹಿರಿತನದಲ್ಲಿ ಯಾರೂ ಎರಡನೆಯ ಸಲ ಕೇಳಿರಲಿಲ್ಲವೆಂದು ತೋರುತ್ತದೆ. ಹಿಂದೆ ಹೀಗೆ ತೀರ್ಮಾನವಾದ ಕೂಸುಗಳ ನೆನಪು ಅವರಿಗೆ ಬಂತೋ ಏನೋ, ಮುಖ ಕಳೆಗೆಟ್ಟಿತು. "ಮಾಸ್ತರ, ನೀವ ಇದನ್ನ ಬಗೀಹರಸ್ರಿ. ನೀವು ಕಲಿಸೋರು, ನಿಮ್ಮ ಮುಂದ ಖರೇ ಹೇಳತೈತಿ" ಎಂದರು.

ಆ ಗಳಿಗೆಯಲ್ಲಿ ನನಗೆ ಲೋಜ್ಬಾನಿನ ಆ ಹಾಳೆ ಅಕ್ಷರ ಅಕ್ಷರ ಕಣ್ಣಿಗೆ ಕಟ್ಟಿತು. ನಾಲ್ಕು ದಾರಿ. ಎರಡೂ ಎನ್ನಬಹುದು, ಎರಡೂ ಬೇಡ ಎನ್ನಬಹುದು. ಆ ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತು, ನಿನಗೆ ಇಬ್ಬರೂ ಬೇಕೇನವಾ ಎಂದು ಕೇಳಿದ್ದರೆ ಸಾಕಿತ್ತು. ಅಥವಾ, ನಿನಗೆ ಹೇಳಲು ಮನಸ್ಸಿಲ್ಲದಿದ್ದರೆ ಹೇಳಬೇಡ ಎಂದಿದ್ದರೂ ಆಗುತ್ತಿತ್ತು. ಕನ್ನಡದಲ್ಲಿ ಅದಕ್ಕೇನು ಮಾತಿನ ಬಡತನವೇ? ಕನ್ನಡದಲ್ಲಿ ಎಲ್ಲ ಇತ್ತು. ನನ್ನಲ್ಲಿ ಇರಲಿಲ್ಲ. ಎರಡು ತಿಂಗಳಿಂದ ಆ ಭಾಷೆಯನ್ನು ತಲೆಯ ಮೇಲೆ ಹೊತ್ತು ತಿರುಗಿದವನು ಬೇಕಾದ ಹೊತ್ತಿಗೆ ಸಿಟ್ಟಿನ ಮಾಸ್ತರನಾಗಿಯೇ ಉಳಿದೆ. ಸಿಕ್ಕಿಬಿದ್ದ ನಾಚಿಕೆಯನ್ನು ಯಾರ ಮೇಲಾದರೂ ಹೊರಿಸಬೇಕಿತ್ತು. ಎದುರಿಗೆ ಅವಳೊಬ್ಬಳೇ ನಿಂತಿದ್ದಳು.

"ಏನ ಇದು? ಒಮ್ಮೆ ಅವ್ವ ಅಂತಿ, ಒಮ್ಮೆ ಅಪ್ಪ ಅಂತಿ! ಒಂದ ಹೇಳು. ಖರೇ ಯಾವುದೈತಿ ಅದನ್ನ ಹೇಳು!" ಎಂದು ಗದರಿದೆ.

ಹುಡುಗಿ ಮಣೆಯಿಂದ ಕೆಳಗಿಳಿದಳು. ಅಳಲಿಲ್ಲ. ನನ್ನ ಮುಂದೆ ಬಂದು ನಿಂತು, ಬಲಗೈಯನ್ನು ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ತಪ್ಪಾತ್ರಿ ಗುರುಗಳ" ಎಂದಳು.

ಮನೆಯಲ್ಲಿ ಅವಳು ನನ್ನನ್ನು ಮಾಮಾ ಎನ್ನುತ್ತಿದ್ದಳು. ಗುರುಗಳ ಎನ್ನುವುದು ಶಾಲೆಯಲ್ಲಿ ಮಾತ್ರ. ನನ್ನ ತರಗತಿಯಲ್ಲಿ ತಪ್ಪು ಉತ್ತರ ಹೇಳಿದವರು ಎದ್ದು ಬಂದು ಹೀಗೆಯೇ ಕೈ ಚಾಚಬೇಕಿತ್ತು, ಕರೆಯುವವರೆಗೂ ಕಾಯಬಾರದಿತ್ತು. ತಂಗಿಯ ಮಗಳೆಂದು ಅವಳಿಗೆ ರಿಯಾಯಿತಿ ಕೊಟ್ಟರೆ ಊರವರು ಆಡಿಕೊಂಡಾರೆಂದು, ಅವಳಿಗೆ ಉಳಿದವರಿಗಿಂತ ಒಂದು ಏಟು ಹೆಚ್ಚೇ ಬೀಳುತ್ತಿತ್ತು. ಹದಿನೈದು ದಿನ ನಾನು ಹಿಂದುಮುಂದು ಮಾಡಿ ಕೇಳಿದ ಪ್ರಶ್ನೆಗಳಿಗೂ ಅವಳು ಹೀಗೆ ಕೈ ಚಾಚಿದ್ದಳು, ನಾನು ಹೊಡೆದಿದ್ದೆ. ಅದನ್ನು ವಹಿಯಲ್ಲಿ ಬರೆದಿರಲಿಲ್ಲ.

ಆ ಕೈಯನ್ನು ಹಿಡಿದು ಇಳಿಸಬೇಕೆಂದು ನನಗೆ ಅನಿಸಿತು, ಆದರೆ ನನ್ನ ಕೈ ಮೇಲೆದ್ದರೆ ಅವಳು ಏನೆಂದುಕೊಂಡಾಳು ಎಂದು ಹೆದರಿಕೆಯಾಗಿ ಹಾಗೆಯೇ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ.

ಎದ್ದವನು ಅವಳ ಅಪ್ಪ. ಬಂದು ಅವಳ ಚಾಚಿದ ಬೆರಳುಗಳನ್ನು ಒಂದೊಂದಾಗಿ ಮಡಚಿದ. ಅವಳು ಕಣ್ಣು ತೆರೆದಳು. ಅವಳನ್ನು ಎತ್ತಿಕೊಂಡ, ಒಂದು ಕ್ಷಣ ಅವಳ ತಲೆಗೆ ತನ್ನ ಗದ್ದ ಒತ್ತಿ ನಿಂತ. ಈಗ ಎತ್ತಿಕೊಂಡೇ ಹೋಗುತ್ತಾನೆ, ತಡೆಯುವ ಹಕ್ಕು ನನಗಿಲ್ಲ ಎಂದುಕೊಂಡೆ. ಆತ ಹೊರಬಾಗಿಲಿಗೆ ಹೋಗಲಿಲ್ಲ. ಒಳಬಾಗಿಲಿಗೆ ಹೋಗಿ, ನೆಲದ ಮೇಲೆ ಕೂತಿದ್ದ ತಂಗಿಯ ಮಡಿಲಲ್ಲಿ ಅವಳನ್ನು ಇಳಿಸಿದ. ಎರಡು ವರ್ಷದ ಮೇಲೆ ಗಂಡ ಹೆಂಡತಿ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು, ಅದೇ ಕಡೆಯದೂ ಹೌದು.

"ಕೇಳೂದು ಸಾಕ್ರಿ ಇನ್ನ" ಎಂದ ಕಾಕಾನಿಗೆ. "ಕೂಸು ಅವ್ವನ ಕಡೆನ ಇರ್ಲಿ. ಸೂಟಿ ಇದ್ದಾಗ ನಮ್ಮವ್ವ ಬಂದು ಕರಕೊಂಡು ಹೋಗ್ತಾಳ, ನಾಕ ದಿನ ಇಟಗೊಂಡು ಕಳಿಸ್ತೀವಿ."

ಮುದುಕಿ ಮಗನ ಮುಖ ನೋಡಿದಳು. ಕೈಚೀಲ ಬಿಚ್ಚಿ ಶೇಂಗಾ ಉಂಡಿಯ ಗಂಟನ್ನು ಹುಡುಗಿಯ ಕಡೆ ದೂಡಿದಳು.

"ಅಷ್ಟ ಸಾಕೇನಪಾ?" ಎಂದರು ಕಾಕಾ. ಅವರ ದನಿಯಲ್ಲಿ ಹಗುರಾದ ಸಮಾಧಾನ ಇತ್ತು.

"ಒಂದ ಮಾತು ಉಳೀತ್ರಿ." ಆತ ನನ್ನ ಕಡೆ ತಿರುಗಲಿಲ್ಲ. ತಂಗಿಯನ್ನೇ ನೋಡಿ ಹೇಳಿದ. "ನಾ ನಿನಗ ಹೊಡದೇನಿ, ನಾಕ ಮಂದಿ ಮುಂದ. ಅದಕ್ಕ ನೀ ನನ್ನ ಬಿಟ್ಟ ಬಂದಿ, ಬರೋಬರಿ ಮಾಡೀದಿ. ಇಲ್ಲೇ ಇರು, ಕೂಸಿನ್ನ ಇಟಗೋ. ಆದ್ರ ನಿಮ್ಮಣ್ಣನ ಸಾಲಿಗೆ ಮಾತ್ರ ಕಳಸಬ್ಯಾಡ. ಆಗಬಹುದೋ, ಆಗೂದಿಲ್ಲೋ?"

ತಂಗಿ ಮಗಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನನ್ನ ಕಡೆ ನೋಡುತ್ತಾಳೆ ಎಂದು ಕಾದೆ. ಅವಳನ್ನು ಎರಡು ವರ್ಷ ಮನೆಯಲ್ಲಿಟ್ಟುಕೊಂಡವನು ನಾನು, ಅವಳಿಗಾಗಿ ಅಂದು ಮೋಸಕ್ಕೂ ಇಳಿದವನು ನಾನು, ಅಣ್ಣ ಹಾಗಲ್ಲ ಎಂದು ಒಂದು ಮಾತು ಆಡುತ್ತಾಳೆ ಎಂದು ಕಾದೆ.

"ಆಗಬಹುದು" ಎಂದಳು.

ಅವರು ಮೂರರ ಬಸ್ಸಿಗೆ ಹೊರಟುಹೋದರು. ಮರುದಿನ ಬೆಳಿಗ್ಗೆ ತಂಗಿ ಮಗಳಿಗೆ ಪಾಟಿಚೀಲ ಹಾಕಿ, ಹಳ್ಳದಾಚೆಯ ಊರಿನ ಶಾಲೆಗೆ ಕರೆದುಕೊಂಡು ಹೊರಟಳು. ಒಂದೂವರೆ ಮೈಲಿ ನಡಿಗೆ, ನಮ್ಮ ಶಾಲೆಯ ಮುಂದೆಯೇ ಹಾದು ಹೋಗಬೇಕು. ನಾನು ಶಾಲೆಯ ಬಾಗಿಲಲ್ಲಿ ನಿಂತಿದ್ದೆ. ಅಷ್ಟು ದೂರ ನಡೀತೀಯೇನವಾ, ಹೊಸ ಸಾಲಿಗೆ ಹೋಗಾಕ ಹೆದರಿಕಿ ಆಗತೈತೇನು ಎಂದು ಕೇಳಬೇಕೆನಿಸಿತು. ಅವಳು ನನ್ನನ್ನು ಕಂಡು ನಿಂತಳು, ನಾನು ಏನೋ ಕೇಳುವವನಿದ್ದೇನೆ ಎಂದು ಗೊತ್ತಾಗಿ ನನ್ನ ಮುಖ ನೋಡುತ್ತ ಕಾದಳು. ಅವಳ ಬಲಗೈ ಲಂಗದ ಮಡಿಕೆಯೊಳಗಿತ್ತು.

ನಾನು 'ಹೋಗಿ ಬಾ' ಎಂದಷ್ಟೇ ಹೇಳಿದೆ.